ಡಿಪೆಂಡೆನ್ಸಿ ಸಿಗ್ತಿಲ್ವಾ? ಬಿಲ್ಡ್-ಡೆಪ್, ಆಪ್ಟ್-ಫೈಲ್, ಕಂಟೇನರ್, ಕೊಂಡಾ: ಯಾವಾಗ ಯಾವುದು

ಮೇ ತಿಂಗಳ ಒಂದು ಮಧ್ಯಾಹ್ನ. ಕಲಬುರಗಿಯ ಬಿಸಿಲು ಗೊತ್ತಲ್ಲ, ಹನ್ನೆರಡು ದಾಟಿದ ಮೇಲೆ ಸೂಪರ್ ಮಾರ್ಕೆಟ್ ಕಡೆ ಗಿರಾಕಿಗಳು ಬರುವುದೇ ಕಡಿಮೆ. ನಮ್ಮ ಓಣಿಯ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಡಿಟಿಪಿ ಅಂಗಡಿಗೆ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾನೆ. "ಅಕ್ಕಾ, ಲೆಪ್ಟೋನಿಕಾ ಹಾಕೀನ್ರಿ. ಆದ್ರೂ ಇಲ್ಲ ಅನ್ಲಕತ್ತದ" ಅಂದ.

ಅವನು ಕಂಪೈಲ್ ಮಾಡುತ್ತಿದ್ದದ್ದು, ಅಂದರೆ ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಕಟ್ಟುತ್ತಿದ್ದದ್ದು, ಟೆಸೆರಾಕ್ಟ್ 5. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಎತ್ತಿಕೊಡುವ ಸಾಫ್ಟ್‌ವೇರ್ ಅದು. ಲೆಪ್ಟೋನಿಕಾ ಅದಕ್ಕೆ ಚಿತ್ರ ಓದಿಕೊಡುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಕೆಲಸ ನನ್ನದೇ. ಅಂಗಡಿಗೆ ಹಳೆ ಅಚ್ಚಿನ ಪುಸ್ತಿಕೆ, ಜಾತ್ರೆಯ ಕರಪತ್ರ, ಟೈಪ್‌ರೈಟರ್‌ನಲ್ಲಿ ಹೊಡೆದ ಅರ್ಜಿ ಬರುತ್ತಲೇ ಇರುತ್ತವೆ. ಎಲ್ಲವನ್ನೂ ಮತ್ತೆ ಕೈಯಿಂದ ಹೊಡೆಯುವ ಬದಲು ಯಂತ್ರ ಓದಿಕೊಟ್ಟರೆ ತಿದ್ದುವುದಷ್ಟೇ ಉಳಿಯುತ್ತದೆ. ಅವನ ಲಿನಕ್ಸ್ ಆದ ಉಬುಂಟು 22.04ರಲ್ಲಿ ಸಿದ್ಧವಾಗಿ ಸಿಗುವುದು 4.1.1. ಹುಡುಗನಿಗೆ 5 ಬೇಕಿತ್ತು. ಸೋರ್ಸ್ ಇಳಿಸಿಕೊಂಡು ಕೂತಿದ್ದ.

ಆ ಮಧ್ಯಾಹ್ನ ಅವನು ಮಾಡಿದ ತಪ್ಪುಗಳನ್ನೆಲ್ಲ ನಾನೂ ಒಂದು ಕಾಲದಲ್ಲಿ ಮಾಡಿದವಳೇ. ಡಿಪೆಂಡೆನ್ಸಿ, ಅಂದರೆ ಒಂದು ಸಾಫ್ಟ್‌ವೇರ್ ಕಟ್ಟಲು ಬೇಕಾಗುವ ಇನ್ನೊಂದು ಸಾಫ್ಟ್‌ವೇರ್, ಸಿಗದಿದ್ದಾಗ ನಮ್ಮ ಮುಂದೆ ಐದಾರು ದಾರಿಗಳಿರುತ್ತವೆ. ಎಲ್ಲವೂ ಸರಿಯಾದ ದಾರಿಗಳೇ, ಆದರೆ ಎಲ್ಲ ಕಾಯಿಲೆಗೂ ಅಲ್ಲ.

ಒಂದು ಮಾತು: ಕೆಳಗೆ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಮಾಮೂಲಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

"ಇಲ್ಲ" ಅಂದರೆ ಯಾವ ಇಲ್ಲ?

ಹುಡುಗನ ಪರದೆಯ ಮೇಲೆ, ಬೇಕಾದದ್ದೆಲ್ಲ ಇದೆಯೇ ಅಂತ ಮೊದಲು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಕೊನೆಗೆ ಹೇಳಿದ್ದು ಇಷ್ಟು: ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು, ಲಿಬ್‌ಲೆಪ್ಟೋನಿಕಾ-ಡೆವ್ ಪ್ಯಾಕೇಜ್ ಹಾಕಿ ನೋಡಿ. ಇವನು ಮೊದಲರ್ಧ ಓದಿದ, ಎರಡನೇ ಅರ್ಧ ಬಿಟ್ಟ. "ನನ್ನ ಹತ್ತಿರ ಇರುವುದು ಹಳೆಯದು" ಅಂದುಕೊಂಡ. ನಿಜಕ್ಕೂ 22.04ರಲ್ಲಿ ಇರುವುದು 1.82. ಹಳೆಯದಲ್ಲ, ಬೇಕಾದಷ್ಟು ಹೊಸದು. ಅವನು ಹಾಕಿದ್ದು ಲಿಬ್‌ಲೆಪ್ಟ್5 ಅನ್ನುವ ಪ್ಯಾಕೇಜ್. ಅದು ಪ್ರೋಗ್ರಾಂ ಓಡುವುದಕ್ಕೆ ಸಾಕು, ಕಂಪೈಲ್ ಮಾಡುವುದಕ್ಕೆ ಸಾಲದು.

ಅಂಗಡಿ ಇದೆ, ಗೋಡೆಯ ಮೇಲೆ ರೇಟ್ ಕಾರ್ಡ್ ಇಲ್ಲ ಅಂದುಕೊಳ್ಳಿ. ದಿನಾ ಬರುವ ಗಿರಾಕಿಗೆ ಕಾರ್ಡ್ ಬೇಕಿಲ್ಲ, ಹೊಸಬನಿಗೆ ಬೇಕು. ಕಂಪೈಲರ್ ಯಾವಾಗಲೂ ಹೊಸಬನೇ. ಲೈಬ್ರರಿಯಲ್ಲಿ ಯಾವ ಫಂಕ್ಷನ್ ಇದೆ, ಅದಕ್ಕೆ ಏನು ಕೊಡಬೇಕು ಅನ್ನುವುದನ್ನು ಹೆಡರ್ ಫೈಲ್ ಓದಿಯೇ ತಿಳಿದುಕೊಳ್ಳುತ್ತದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಈ ಹೆಡರ್‌ಗಳು ಬೇರೆ ಪ್ಯಾಕೇಜ್‌ನಲ್ಲಿರುತ್ತವೆ, ಹೆಸರಿನ ಕೊನೆಗೆ "ಡೆವ್" ಅಂತ ಇರುತ್ತದೆ. ಇನ್ನೊಂದು ಲಿನಕ್ಸ್ ಆದ ಫೆಡೋರಾದಲ್ಲಿ "ಡೆವೆಲ್". ಆರ್ಚ್‌ನವರು ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಕೊಡುತ್ತಾರೆ, ಹಾಗಾಗಿ ಅವರಿಗೆ ಈ ತಲೆನೋವು ಕಡಿಮೆ.

ಹಾಗಾಗಿ "ಇಲ್ಲ" ಅನ್ನುವುದರಲ್ಲಿ ಕನಿಷ್ಠ ನಾಲ್ಕು ಬಗೆ ಇದೆ. ಲೈಬ್ರರಿಯೇ ಇಲ್ಲದಿರುವುದು ಒಂದು. ಲೈಬ್ರರಿ ಇದ್ದು ಹೆಡರ್ ಇಲ್ಲದಿರುವುದು ಇನ್ನೊಂದು. ನಾನು ನೋಡಿದ್ದರಲ್ಲಿ ಜಾಸ್ತಿ ಇದೇ. ಎರಡೂ ಇದ್ದು ಆವೃತ್ತಿ ಹಳೆಯದಾಗಿರುವುದು ಮೂರನೆಯದು. ಎಲ್ಲಾ ಸರಿಯಿದ್ದೂ ಹುಡುಕುವ ಜಾಗದಲ್ಲಿ ಇಲ್ಲದಿರುವುದು ನಾಲ್ಕನೆಯದು. ಮೊದಲೆರಡಕ್ಕೆ ಬಿಲ್ಡ್-ಡೆಪ್ ಅಥವಾ ಆಪ್ಟ್-ಫೈಲ್ ಸಾಕು. ಮೂರನೆಯದಕ್ಕೆ ನನ್ನ ಆಯ್ಕೆ ಕಂಟೇನರ್, ಅಂದರೆ ನಿಮ್ಮ ಯಂತ್ರದೊಳಗೇ ಬೇರೆಯಾಗಿ ಕೂರುವ ಇನ್ನೊಂದು ಲಿನಕ್ಸ್. ನಾಲ್ಕನೆಯದಕ್ಕೆ ಏನನ್ನೂ ಹೊಸದಾಗಿ ಇಳಿಸುವ ಅಗತ್ಯವೇ ಇಲ್ಲ.

ಯಾವ ಬಗೆ ಅಂತ ಗೊತ್ತಾಗಬೇಕಾದರೆ ಎರರ್ ಅನ್ನು ಕೆಳಗಿನಿಂದಲ್ಲ, ಮೇಲಿನಿಂದ ಓದಬೇಕು. ಮೇಕ್ (ಕಂಪೈಲ್ ನಡೆಸುವ ಕಮಾಂಡ್) ಮಾಡುವಾಗ ಕೊನೆಗೆ ಕಾಣುವ "ಎರರ್ 2" ಏನನ್ನೂ ಹೇಳುವುದಿಲ್ಲ. ಮೊದಲು ಬಿದ್ದ ಎರರ್ ಅದಕ್ಕಿಂತ ಎಷ್ಟೋ ಸಾಲು ಮೇಲೆ ಇರುತ್ತದೆ. ನಾಲ್ಕು ಕೆಲಸ ಒಟ್ಟಿಗೆ ಓಡಲಿ ಅಂತ ಮೇಕ್‌ಗೆ ಜೆ4 ಕೊಟ್ಟಿದ್ದರೆ ಸಾಲುಗಳು ಕಲಸಿಕೊಳ್ಳುತ್ತವೆ. ಆಗ ಸುಮ್ನೆ ಬರೀ "ಮೇಕ್" ಹೊಡೆಯಿರಿ, ಎರರ್ ಬಂದ ಜಾಗದಲ್ಲೇ ನಿಲ್ಲುತ್ತದೆ. ಕಾನ್ಫಿಗರ್ ಹಂತದಲ್ಲೇ ಬಿದ್ದಿದ್ದರೆ ಅದೇ ಫೋಲ್ಡರ್‌ನಲ್ಲಿ ಕಾನ್ಫಿಗ್.ಲಾಗ್ ಅನ್ನುವ ಫೈಲ್ ಇರುತ್ತದೆ. ಅದನ್ನು ತೆರೆದು ಲೈಬ್ರರಿಯ ಹೆಸರು ಹುಡುಕಿ. ಸ್ಕ್ರಿಪ್ಟ್ ಯಾವ ಪುಟ್ಟ ಪ್ರೋಗ್ರಾಂ ಬರೆದು ಪರೀಕ್ಷೆ ಮಾಡಿತು, ಕಂಪೈಲರ್ ಅದಕ್ಕೆ ಏನು ಬೈದಿತು, ಎಲ್ಲಾ ಅಲ್ಲೇ ಇರುತ್ತದೆ. ಕಾನ್ಫಿಗರ್ ಬದಲು ಮೆಸಾನ್ ಬಳಸುವ ಸಾಫ್ಟ್‌ವೇರ್ ಆದರೆ ಬಿಲ್ಡ್ ಫೋಲ್ಡರ್ ಒಳಗೆ ಮೆಸಾನ್-ಲಾಗ್ಸ್ ನೋಡಿ. ಸಿಮೇಕ್ ಆದರೆ ಇನ್ನೊಂದು ಕಿರಿಕಿರಿ ಇದೆ: ಹಳೆಯ ಕೆಲವು ಉತ್ತರಗಳನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಪ್ಯಾಕೇಜ್ ಹಾಕಿದ ಮೇಲೂ ಅದೇ ಹಾಡು ಹಾಡಿದರೆ ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿ.

ಡಿಪೆಂಡೆನ್ಸಿಯ ಹಾಗೆ ಕಂಡರೂ ಅದಲ್ಲದ ಒಂದು ಎರರ್ ಇದೆ. "ಕಿಲ್ಡ್" ಅಂತ ಬಂದು ಕಂಪೈಲರ್ ಸತ್ತರೆ ಅದು ಬಹುತೇಕ ರ‍್ಯಾಮ್ ಸಾಲದೆ ಆದದ್ದು. 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಜೆ4 ಬೇಡ, ಜೆ2 ಸಾಕು.

ಬಿಲ್ಡ್ ಮಾಡದೇ ಇರುವುದು

ಇದೂ ಒಂದು ಆಯ್ಕೆ, ಮತ್ತು ನಾನು ಮೊದಲು ಕೇಳುವುದು ಇದನ್ನೇ. ಉಬುಂಟು 24.04ರಲ್ಲಿ ಟೆಸೆರಾಕ್ಟ್ 5.3.4 ಸಿದ್ಧವಾಗಿ ಸಿಗುತ್ತದೆ. ಬೇರೆ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಇವೆ. ಬೇಕಾದ ಲೈಬ್ರರಿಗಳನ್ನು ಬಹುಮಟ್ಟಿಗೆ ತಾವೇ ಹೊತ್ತು ತರುತ್ತವೆ. ಡೌನ್‌ಲೋಡ್ ದೊಡ್ಡದು, ತಲೆನೋವು ಚಿಕ್ಕದು. ಆದರೆ ಹುಡುಗನ ಕಾಲೇಜ್ ಪ್ರಾಜೆಕ್ಟ್ 22.04ರ ಮೇಲೆ ಸರಿಯಾಗಿ ಕೂತಿತ್ತು. ಪರೀಕ್ಷೆ ಹತ್ತಿರ ಇದ್ದಾಗ ಓಎಸ್ ಮುಟ್ಟಬೇಡ ಅಂತ ನಾನೇ ಹೇಳಿದೆ.

ಬಿಲ್ಡ್-ಡೆಪ್: ಒಂದೇ ಏಟಿಗೆ

ನೀವು ಬಿಲ್ಡ್ ಮಾಡಬೇಕೆಂದಿರುವ ಸಾಫ್ಟ್‌ವೇರ್‌ನ ಹಳೆ ಆವೃತ್ತಿಯಾದರೂ ನಿಮ್ಮ ಉಬುಂಟುವಿನಲ್ಲಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. "ಸುಡೊ ಆಪ್ಟ್ ಬಿಲ್ಡ್-ಡೆಪ್ ಟೆಸೆರಾಕ್ಟ್" ಅಂದರೆ ಸಾಕು (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ, ಆಪ್ಟ್ ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್). ಉಬುಂಟುವಿನವರು ಆ ಪ್ಯಾಕೇಜ್ ಕಟ್ಟುವಾಗ ಏನೇನು ಬೇಕಾಯಿತೋ ಅದೆಲ್ಲ ಬಂದು ಕೂರುತ್ತದೆ. ಹೆಡರ್‌ಗಳು, ಆಟೋಕಾನ್ಫ್, ಲಿಬ್‌ಟೂಲ್, ಎಲ್ಲಾ. ಪಟ್ಟಿ 4.1.1ರದ್ದೇ ಆದರೂ 5ಕ್ಕೆ ಹೆಚ್ಚು ಕಡಿಮೆ ಅದೇ ಬೇಕು. ಫೆಡೋರಾದಲ್ಲಿ ಇದೇ ಕೆಲಸಕ್ಕೆ "ಡಿಎನ್‌ಎಫ್ ಬಿಲ್ಡ್‌ಡೆಪ್" ಇದೆ.

ಮೊದಲ ಸಲ ಹೊಡೆದಾಗ ಬಹಳ ಮಂದಿ ಇಲ್ಲೇ ಎಡವುತ್ತಾರೆ. ಡೆಬ್-ಎಸ್‌ಆರ್‌ಸಿ ಸಾಲು ಹಾಕಿ ಅಂತ ಬೈಯುತ್ತದೆ. ಸೋರ್ಸ್ ಪ್ಯಾಕೇಜ್‌ಗಳ ಪಟ್ಟಿ ಸಾಮಾನ್ಯವಾಗಿ ಆಫ್ ಆಗಿರುವುದೇ ಕಾರಣ. 22.04ರಲ್ಲಿ ಸೋರ್ಸಸ್.ಲಿಸ್ಟ್ ಫೈಲ್ ತೆರೆದು ಡೆಬ್-ಎಸ್‌ಆರ್‌ಸಿ ಸಾಲುಗಳ ಮುಂದಿನ ಹ್ಯಾಶ್ ಗುರುತು ತೆಗೆಯಬೇಕು. 24.04ರಲ್ಲಿ ಆ ಫೈಲ್ ಬದಲು ಉಬುಂಟು.ಸೋರ್ಸಸ್ ಇದೆ, ಅದರಲ್ಲಿ ಟೈಪ್ಸ್ ಅನ್ನುವ ಸಾಲಿನಲ್ಲಿ "ಡೆಬ್" ಪಕ್ಕ "ಡೆಬ್-ಎಸ್‌ಆರ್‌ಸಿ" ಸೇರಿಸಬೇಕು. ಆಮೇಲೆ ಆಪ್ಟ್ ಅಪ್‌ಡೇಟ್ ಮರೆಯಬೇಡಿ.

ಇದರ ಕೊರತೆ? ನಿಮಗೆ ಬೇಡದ್ದೂ ಒಂದಷ್ಟು ಬರುತ್ತದೆ. ಪ್ಯಾಕೇಜ್ ಕಟ್ಟುವ ಸಾಮಾನು, ಕೈಪಿಡಿ ತಯಾರಿಸುವ ಸಾಮಾನು, ಇತ್ಯಾದಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನದ ಡೇಟಾ ಎಣಿಸುತ್ತಾ ಕೂತವರಿಗೆ ಇದು ನೋವೇ. ಏನೇನು ಬಂತು ಅಂತ ಆಮೇಲೆ ನೋಡಬೇಕಾದರೆ ಆಪ್ಟ್‌ನ ಹಿಸ್ಟರಿ.ಲಾಗ್ ಇದೆ. ಉಬುಂಟುವಿನಲ್ಲಿ ಇಲ್ಲದ ಸಾಫ್ಟ್‌ವೇರ್ ಆದರೆ ಈ ಕಮಾಂಡ್ ಕೈ ಚೆಲ್ಲುತ್ತದೆ, ಅಷ್ಟೇ.

ಆಪ್ಟ್-ಫೈಲ್: ಒಂದೊಂದೇ ಹಿಡಿದು

ಆಗ ಬೇಕಾಗುವುದು ಇದು. ಕಂಪೈಲರ್ ನಿಮಗೆ ಫೈಲ್ ಹೆಸರು ಹೇಳುತ್ತದೆ, ಪ್ಯಾಕೇಜ್ ಹೆಸರು ಹೇಳುವುದಿಲ್ಲ. ಎರಡರ ನಡುವಿನ ಸೇತುವೆ ಆಪ್ಟ್-ಫೈಲ್. ಅದನ್ನು ಹಾಕಿ, ಒಮ್ಮೆ "ಆಪ್ಟ್-ಫೈಲ್ ಅಪ್‌ಡೇಟ್" ಮಾಡಿ, ಆಮೇಲೆ "ಆಪ್ಟ್-ಫೈಲ್ ಸರ್ಚ್ ಆಲ್‌ಹೆಡರ್ಸ್.ಎಚ್" ಹೊಡೆಯಿರಿ. ಲಿಬ್‌ಲೆಪ್ಟೋನಿಕಾ-ಡೆವ್ ಅಂತ ಉತ್ತರ ಬರುತ್ತದೆ. ಹುಡುಗನ ಕಣ್ಣು ಅರಳಿದ್ದು ಇಲ್ಲೇ. ಬೆಳಗ್ಗೆಯಿಂದ ಅವನು "ಲೆಪ್ಟೋನಿಕಾ" ಅಂತ ಹುಡುಕುತ್ತಿದ್ದ; ಹುಡುಕಬೇಕಾಗಿದ್ದದ್ದು ಸಿಗದ ಫೈಲ್‌ನ ಹೆಸರನ್ನು.

ಯಾವ ಎರರ್‌ಗೆ ಯಾವ ಫೈಲ್ ಹುಡುಕಬೇಕು ಅನ್ನುವುದೇ ಇಲ್ಲಿನ ಕಲೆ. ಹೆಡರ್ ಸಿಗಲಿಲ್ಲ ಅಂದರೆ ಆ ಹೆಡರ್ ಹೆಸರನ್ನೇ ಹುಡುಕಿ. ಪಿಕೆಜಿ-ಕಾನ್ಫಿಗ್ "ಲೆಪ್ಟ್ ಸಿಗಲಿಲ್ಲ" ಅಂದರೆ ಲೆಪ್ಟ್.ಪಿಸಿ ಹುಡುಕಿ, ಪ್ರತಿ ಲೈಬ್ರರಿಯ ವಿಳಾಸ ಮತ್ತು ಆವೃತ್ತಿ ಬರೆದಿಡುವ ಚೀಟಿ ಈ ಪಿಸಿ ಫೈಲ್. ಲಿಂಕ್ ಮಾಡುವಾಗ "ಎಲ್‌ಪಿಎನ್‌ಜಿ ಸಿಗಲಿಲ್ಲ" ಅಂದರೆ ಮೊದಲ ಎಲ್ ತೆಗೆದು, ಮುಂದೆ ಲಿಬ್ ಸೇರಿಸಿ, ಲಿಬ್‌ಪಿಎನ್‌ಜಿ.ಎಸ್‌ಒ ಹುಡುಕಿ. ಇಲ್ಲೊಂದು ಸೂಕ್ಷ್ಮ ಇದೆ. ಕೊನೆಗೆ ಅಂಕಿ ಇರುವ ಎಸ್‌ಒ.16 ಓಡಿಸುವ ಪ್ಯಾಕೇಜ್‌ನಲ್ಲಿರುತ್ತದೆ. ಅಂಕಿ ಇಲ್ಲದ ಬರೀ ಎಸ್‌ಒ ಇರುವುದು ಡೆವ್ ಪ್ಯಾಕೇಜ್‌ನಲ್ಲಿ, ಲಿಂಕರ್ ನೋಡುವುದು ಅದನ್ನು. "ಫೈಲ್ ಕಣ್ಣೆದುರೇ ಅದ, ಆದ್ರೂ ಇಲ್ಲ ಅಂತದ" ಅನ್ನುವವರ ಅರ್ಧ ಸಮಸ್ಯೆ ಇದೇ ಅಂಕಿಯದು.

ಫೆಡೋರಾದವರಿಗೆ ಈ ವಿಷಯದಲ್ಲಿ ಸುಖ ಜಾಸ್ತಿ. "ಡಿಎನ್‌ಎಫ್ ಪ್ರೊವೈಡ್ಸ್" ಅಂತ ಫೈಲ್ ಹೆಸರು ಕೊಟ್ಟು ಕೇಳಬಹುದು. ಅದಕ್ಕಿಂತ ಸುಲಭ ಬೇಕಾದರೆ ಪ್ಯಾಕೇಜ್ ಹೆಸರೇ ಗೊತ್ತಿಲ್ಲದೆ "ಪಿಕೆಜಿಕಾನ್ಫಿಗ್(ಲೆಪ್ಟ್)" ಹಾಕು ಅಂತ ನೇರವಾಗಿ ಹೇಳಬಹುದು. ಆರ್ಚ್‌ನಲ್ಲಿ ಪ್ಯಾಕ್‌ಮನ್‌ಗೆ ದೊಡ್ಡ ಎಫ್ ಕೊಟ್ಟರೆ ಅದೇ ಕೆಲಸ. ಮೂವರ ಹೆಸರಿಡುವ ರೀತಿಯೂ ಬೇರೆ: ಉಬುಂಟುವಿನ ಲಿಬ್‌ಎಸ್‌ಎಸ್‌ಎಲ್-ಡೆವ್ ಫೆಡೋರಾದಲ್ಲಿ ಓಪನ್‌ಎಸ್‌ಎಸ್‌ಎಲ್-ಡೆವೆಲ್, ಆರ್ಚ್‌ನಲ್ಲಿ ಬರೀ ಓಪನ್‌ಎಸ್‌ಎಸ್‌ಎಲ್. ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಯಂತ್ರದಲ್ಲಿ ಹಾಗೇ ಅಂಟಿಸಿದರೆ ನಡೆಯುವುದಿಲ್ಲ.

ಈ ದಾರಿ ನಿಧಾನ. ಒಂದು ಹಾಕಿದರೆ ಇನ್ನೊಂದು ಕೇಳುತ್ತದೆ. ಆದರೆ ಡೇಟಾ ಕಡಿಮೆ ಖರ್ಚಾಗುತ್ತದೆ, ಏನು ಯಾಕೆ ಹಾಕಿದೆವು ಅನ್ನುವುದೂ ತಲೆಯಲ್ಲಿ ಉಳಿಯುತ್ತದೆ. ಕಲಿಯುವ ಹುಡುಗರಿಗೆ ನಾನು ಬಿಲ್ಡ್-ಡೆಪ್‌ಗಿಂತ ಇದನ್ನೇ ಹೇಳುತ್ತೇನೆ.

ಡಿಪೆಂಡೆನ್ಸಿಯನ್ನೂ ಸೋರ್ಸ್‌ನಿಂದಲೇ: ನನಗೆ ಇಷ್ಟವಿಲ್ಲದ ದಾರಿ

ಹುಡುಗ ಹಿಡಿದದ್ದು ಇದನ್ನೇ. ಲೆಪ್ಟೋನಿಕಾ ಹಳೆಯದು ಅಂದುಕೊಂಡು ಅದರ ಸೋರ್ಸ್ ಇಳಿಸಿ, ಕಾನ್ಫಿಗರ್ ಮಾಡಿ, ಮೇಕ್ ಮಾಡಿ, ಇನ್‌ಸ್ಟಾಲ್ ಮಾಡಿದ್ದ. ನಡುವೆ ಒಮ್ಮೆ ಕರೆಂಟ್ ಹೋಗಿ, ಸತ್ತ ಬ್ಯಾಟರಿಯ ಲ್ಯಾಪ್‌ಟಾಪ್ ಆಫ್ ಆಗಿತ್ತಂತೆ. ಅದಕ್ಕೆ ಹೆದರಬೇಕಿಲ್ಲ, ಮೇಕ್ ನಿಂತಲ್ಲಿಂದ ಮುಂದುವರಿಯುತ್ತದೆ. ಅರ್ಧಂಬರ್ಧ ಬರೆದ ಫೈಲ್ ಉಳಿದು ವಿಚಿತ್ರ ಎರರ್ ಬಂದರೆ ಮಾತ್ರ "ಮೇಕ್ ಕ್ಲೀನ್" ಹೊಡೆಯಿರಿ.

ಸಮಸ್ಯೆ ಬೇರೆಯೇ ಇತ್ತು. ಲೆಪ್ಟೋನಿಕಾಗೆ ಪಿಎನ್‌ಜಿ, ಜೆಪೆಗ್, ಟಿಫ್ ಲೈಬ್ರರಿಗಳು ಕಡ್ಡಾಯವಲ್ಲ. ಅವುಗಳ ಹೆಡರ್ ಇದ್ದರೆ ಸೇರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಒಂದು ಮಾತೂ ದೊಡ್ಡದಾಗಿ ಹೇಳದೆ ಮುಂದೆ ಹೋಗುತ್ತದೆ. ಕಾನ್ಫಿಗರ್ ಓಡುವಾಗ ಸರಸರನೆ ಹೋಗುವ ನೂರಾರು ಸಾಲುಗಳ ನಡುವೆ ಎಲ್ಲೋ ಒಂದು "ನೋ" ಇರುತ್ತದೆ. ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಲಿಬ್‌ಪಿಎನ್‌ಜಿ-ಡೆವ್ ಇರಲಿಲ್ಲ. ಹಾಗಾಗಿ ಅವನ ಲೆಪ್ಟೋನಿಕಾ ಒಂದೂ ಎರರ್ ಇಲ್ಲದೆ ಸಿದ್ಧವಾಯಿತು, ಆದರೆ ಪಿಎನ್‌ಜಿ ಚಿತ್ರ ಓದಲು ಬರದು. ಇದರ ಮೇಲೆ ಟೆಸೆರಾಕ್ಟ್ ಕಟ್ಟಿದ್ದರೆ ಗೊತ್ತಾಗುತ್ತಿದ್ದದ್ದು ಕೊನೆಗೆ, ಸ್ಕ್ಯಾನ್ ಕೊಟ್ಟಾಗ "ಈ ಫಂಕ್ಷನ್ ಇಲ್ಲ" ಅಂತ ಬಂದಾಗ.

ಎರರ್ ಕೊಟ್ಟು ನಿಲ್ಲುವ ಡಿಪೆಂಡೆನ್ಸಿಗಿಂತ ಹೀಗೆ ಸದ್ದಿಲ್ಲದೆ ಬಿಟ್ಟುಹೋಗುವ ಡಿಪೆಂಡೆನ್ಸಿ ಜಾಸ್ತಿ ಕಾಟ ಕೊಡುತ್ತದೆ. ಕಾನ್ಫಿಗರ್ ಮುಗಿದ ಮೇಲೆ ಎಷ್ಟೋ ಸಾಫ್ಟ್‌ವೇರ್‌ಗಳು ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಕೊನೆಗೆ ಒಂದು ಪಟ್ಟಿ ಕೊಡುತ್ತವೆ. ಮೇಕ್ ಹೊಡೆಯುವ ಮುಂಚೆ ಅದನ್ನು ಓದಿ. "ಕಾನ್ಫಿಗರ್ ಪಾಸಾಯ್ತು" ಅಂತ ಖುಷಿಯಲ್ಲಿ ಚಹಾ ಕುಡಿಯಲು ಎದ್ದುಹೋಗುವವರು ನಾವೆಲ್ಲ, ಅಲ್ವಾ?

ಇನ್ನೊಂದು ತೊಡಕು: ಕೈಯಿಂದ ಹಾಕಿದ್ದು ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರ್‌ಗೆ ಹೋಗುತ್ತದೆ. ಆಮೇಲೆ ಉಬುಂಟುವಿನ ಸರಿಯಾದ ಡೆವ್ ಪ್ಯಾಕೇಜ್ ಹಾಕಿದರೂ ಕಂಪೈಲರ್ ಮೊದಲು ನೋಡುವುದು ಲೋಕಲ್ ಅನ್ನೇ. ಕುಂಟು ಲೆಪ್ಟೋನಿಕಾ ಮುಂದೆ, ಗಟ್ಟಿಯದು ಹಿಂದೆ. ಹುಡುಗ ಪುಣ್ಯಕ್ಕೆ ಸೋರ್ಸ್ ಫೋಲ್ಡರ್ ಅಳಿಸಿರಲಿಲ್ಲ. ಅದರೊಳಗೆ ಹೋಗಿ "ಸುಡೊ ಮೇಕ್ ಅನ್‌ಇನ್‌ಸ್ಟಾಲ್" ಹೊಡೆಸಿದೆ. ಫೋಲ್ಡರ್ ಹೋಗಿದ್ದರೆ ಒಂದೊಂದೇ ಫೈಲ್ ಹುಡುಕಿ ಅಳಿಸಬೇಕಾಗುತ್ತಿತ್ತು. ಈ ದಾರಿ ಹಿಡಿಯಲೇಬೇಕಾದರೆ ಕಾನ್ಫಿಗರ್‌ಗೆ ಪ್ರಿಫಿಕ್ಸ್ (ಹಾಕುವ ಜಾಗ) ಕೊಟ್ಟು ನಿಮ್ಮ ಹೋಮ್ ಒಳಗೆ ಬೇರೆ ಫೋಲ್ಡರ್‌ಗೆ ಹಾಕಿ, ಪಿಕೆಜಿ_ಕಾನ್ಫಿಗ್_ಪಾತ್‌ನಲ್ಲಿ ಆ ವಿಳಾಸ ಹೇಳಿ. ಬೇಡವಾದಾಗ ಫೋಲ್ಡರ್ ಅಳಿಸಿದರೆ ಮುಗಿಯಿತು. ಫೆಡೋರಾದಲ್ಲಂತೂ ಪಿಕೆಜಿ-ಕಾನ್ಫಿಗ್ ತಾನಾಗಿ ಲೋಕಲ್ ಕಡೆ ನೋಡುವುದೇ ಇಲ್ಲ, ವಿಳಾಸ ಹೇಳಲೇಬೇಕು. ನಾಲ್ಕನೇ ಬಗೆಯ "ಇಲ್ಲ" ಅಂದೆನಲ್ಲ, ಅದು ಹೆಚ್ಚಾಗಿ ಹುಟ್ಟುವುದು ಹೀಗೆ.

ಲಿನಕ್ಸ್‌ನ ಬುನಾದಿ ಲೈಬ್ರರಿಯಾದ ಜಿಲಿಬ್‌ಸಿಯನ್ನು ಮಾತ್ರ ಯಾವ ಕಾರಣಕ್ಕೂ ಕೈಯಿಂದ ಬದಲಾಯಿಸಬೇಡಿ. 22.04ರಲ್ಲಿ ಇರುವುದು 2.35, 24.04ರಲ್ಲಿ 2.39. ಎಲ್ಲಿಂದಲೋ ತಂದ ಪ್ರೋಗ್ರಾಂ "2.38 ಬೇಕು" ಅಂದರೆ ಅದು ಹೊಸ ಯಂತ್ರಕ್ಕೆ ಕಟ್ಟಿದ್ದು ಅಂತ ಅರ್ಥ. ಯಂತ್ರದ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಂಗಳೂ ನಿಂತಿರುವುದು ಅದರ ಮೇಲೆ. ಅದು ಕೆಟ್ಟರೆ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡದು.

ಆವೃತ್ತಿಯೇ ಹಳೆಯದಾದರೆ ಕಂಟೇನರ್

22.04ರಲ್ಲಿ ಜಿಲಿಬ್ (ಜಿಲಿಬ್‌ಸಿ ಅಲ್ಲ, ಬೇರೆಯದೇ ಲೈಬ್ರರಿ) 2.72 ಇದೆ. ನಿಮಗೆ ಬೇಕಾದ ಸಾಫ್ಟ್‌ವೇರ್ 2.76 ಕೇಳಿದರೆ ಆಪ್ಟ್-ಫೈಲ್ ಏನೂ ಮಾಡಲಾರದು. ಜಿಲಿಬ್ ಅನ್ನೇ ಸೋರ್ಸ್‌ನಿಂದ ಕಟ್ಟಲು ಹೋದರೆ ಅದು ಇನ್ನೊಂದನ್ನು ಕೇಳುತ್ತದೆ, ಅದು ಮತ್ತೊಂದನ್ನು. ಇಂಥ ಕಡೆ ಪಾಡ್‌ಮನ್ ಅಥವಾ ಡಾಕರ್‌ನಲ್ಲಿ 24.04ರ ಇಮೇಜ್ ತಂದು ಅದರೊಳಗೆ ಬಿಲ್ಡ್ ಮಾಡಿ. ಅಲ್ಲಿ ಜಿಲಿಬ್ 2.80 ಸಿದ್ಧವಾಗಿದೆ. ಅವುಗಳ ಮೇಲೆ ನಡೆಯುವ ಡಿಸ್ಟ್ರೋಬಾಕ್ಸ್ ಬಳಸಿದರೆ ನಿಮ್ಮ ಹೋಮ್ ಫೋಲ್ಡರ್ ಒಳಗೂ ಕಾಣುತ್ತದೆ, ಫೈಲ್ ಅಲ್ಲಿಂದಿಲ್ಲಿಗೆ ಸಾಗಿಸುವ ಗೋಜಿಲ್ಲ. ಕೆಟ್ಟರೆ ಕಂಟೇನರ್ ಎಸೆದರಾಯಿತು, ಲ್ಯಾಪ್‌ಟಾಪ್‌ನ ಸಿಸ್ಟಂಗೆ ಏನೂ ಆಗದು.

ಆದರೆ ಒಳಗೆ ಕಟ್ಟಿದ್ದನ್ನು ಹೊರಗೆ ತಂದು ಓಡಿಸಲು ಹೋಗಬೇಡಿ. ಮೇಲೆ ಹೇಳಿದ ಜಿಲಿಬ್‌ಸಿ ತಕರಾರು ಬರುತ್ತದೆ. ಒಳಗೆ ಕಟ್ಟಿದ್ದನ್ನು ಒಳಗೇ ಓಡಿಸಿ. ಡಿಸ್ಕ್ ಜಾಗ ಮತ್ತು ಡೇಟಾ ಎರಡೂ ಹೋಗುತ್ತವೆ. ಇಮೇಜ್ ಚಿಕ್ಕದೇ, ಅದರೊಳಗೆ ಕಂಪೈಲರ್ ಮತ್ತು ಡೆವ್ ಪ್ಯಾಕೇಜ್‌ಗಳನ್ನು ಮತ್ತೆ ಮೊದಲಿನಿಂದ ಇಳಿಸಬೇಕು.

ಸುಡೊ ಇಲ್ಲದ ಲ್ಯಾಬ್‌ನಲ್ಲಿ

ಕಾಲೇಜ್ ಲ್ಯಾಬ್‌ನಲ್ಲಿ ಆಪ್ಟ್ ಮುಟ್ಟಲು ಬಿಡುವುದಿಲ್ಲ. ಅಲ್ಲಿ ಸುಡೊ ಇಲ್ಲದೆಯೇ ಪ್ಯಾಕೇಜ್ ಹಾಕಿಕೊಡುವ ಕೊಂಡಾ ಒಳ್ಳೆಯದು. ಅದರ ಪ್ಯಾಕೇಜ್ ಭಂಡಾರವಾದ ಕೊಂಡಾ-ಫೋರ್ಜ್‌ನಲ್ಲಿ ಟೆಸೆರಾಕ್ಟ್, ಲೆಪ್ಟೋನಿಕಾ ಎರಡೂ ಇವೆ, ಎಲ್ಲಾ ನಿಮ್ಮ ಹೋಮ್‌ನಲ್ಲೇ ಕೂರುತ್ತದೆ. ಅಂಥದೇ ಆದ ಹೋಂಬ್ರೂ ಕೂಡ ಲಿನಕ್ಸ್‌ನಲ್ಲಿ ನಡೆಯುತ್ತದೆ, ಆದರೆ ಅದಕ್ಕೆ ನಿಮ್ಮ ಹೋಮ್ ಹೊರಗೆ, ಎಲ್ಲರ ಹೋಮ್‌ಗಳಿರುವ ಜಾಗದಲ್ಲಿ, ಲಿನಕ್ಸ್‌ಬ್ರೂ ಅನ್ನುವ ತನ್ನದೇ ಫೋಲ್ಡರ್ ಬೇಕು, ಅದನ್ನು ಮಾಡಲು ಒಮ್ಮೆಯಾದರೂ ಸುಡೊ ಬೇಕು. ಹಾಗಾಗಿ ಲ್ಯಾಬ್‌ಗೆ ಕೊಂಡಾ. ಒಂದು ಎಚ್ಚರಿಕೆ: ಕೊಂಡಾ ಆನ್ ಇರುವಾಗ ಸಿಸ್ಟಂ ಲೈಬ್ರರಿಗಳ ಜೊತೆ ಸೋರ್ಸ್ ಬಿಲ್ಡ್ ಮಾಡಬೇಡಿ. ಹೆಡರ್ ಒಂದು ಕಡೆಯದು, ಲೈಬ್ರರಿ ಇನ್ನೊಂದು ಕಡೆಯದು ಸಿಕ್ಕಿ ಗೊಜ್ಜಾಗುತ್ತದೆ.

ಬಿಲ್ಡ್ ಆಯ್ತು, ಓಡ್ತಿಲ್ಲ

ಸಂಜೆ ಐದಕ್ಕೆ ಹುಡುಗನ ಟೆಸೆರಾಕ್ಟ್ ಮೇಕ್ ಮುಗಿದು ಇನ್‌ಸ್ಟಾಲ್ ಆಯಿತು. ಓಡಿಸಿದ. ಲಿಬ್‌ಟೆಸೆರಾಕ್ಟ್.ಎಸ್‌ಒ.5 ತೆರೆಯಲು ಆಗಲಿಲ್ಲ ಅಂತ ಬಂತು. ಮುಖ ಸಪ್ಪಗಾಯಿತು. ಇದು ಒಂದು ಕಮಾಂಡ್‌ನ ಕೆಲಸ: "ಸುಡೊ ಎಲ್‌ಡಿಕಾನ್ಫಿಗ್". ಹೊಸ ಲೈಬ್ರರಿ ಬಂದಿದೆ ಅಂತ ಸಿಸ್ಟಂಗೆ ತಿಳಿಸುವುದಷ್ಟೇ. ಇನ್ನೂ ಅನುಮಾನ ಇದ್ದರೆ "ಎಲ್‌ಡಿಡಿ" ಕೊಟ್ಟು ಪ್ರೋಗ್ರಾಂ ವಿಳಾಸ ಹೊಡೆಯಿರಿ, ಯಾವ ಲೈಬ್ರರಿ ಮುಂದೆ "ನಾಟ್ ಫೌಂಡ್" ಇದೆಯೋ ಅದೇ ಕಳ್ಳ.

ಮತ್ತೆ ಓಡಿಸಿದ. ಈ ಸಲ ಕನ್ನಡ ಡೇಟಾ ಇಲ್ಲ ಅಂತು. ಆಪ್ಟ್‌ನಿಂದ ಟೆಸೆರಾಕ್ಟ್-ಓಸಿಆರ್-ಕನ್ ಹಾಕಿದ್ದ, ಆದರೆ ಅದು ಕೂತಿರುವುದು 4.00 ಹೆಸರಿನ ಉಬುಂಟುವಿನ ಫೋಲ್ಡರ್‌ನಲ್ಲಿ. ಸೋರ್ಸ್‌ನಿಂದ ಕಟ್ಟಿದ್ದು ಹುಡುಕುವುದು ಲೋಕಲ್ ಒಳಗಿನ ಟೆಸ್‌ಡೇಟಾದಲ್ಲಿ. ಡೇಟಾ ಫೈಲ್ ಕೂಡ ಡಿಪೆಂಡೆನ್ಸಿಯೇ, ಕಾನ್ಫಿಗರ್ ಮಾತ್ರ ಅದನ್ನು ಪರೀಕ್ಷೆ ಮಾಡುವುದಿಲ್ಲ. ಟೆಸ್‌ಡೇಟಾ_ಪ್ರಿಫಿಕ್ಸ್‌ನಲ್ಲಿ ಹಳೆ ಫೋಲ್ಡರ್ ತೋರಿಸಿದೆವು.

ಒಂದು ಹಳೆ ಪುಸ್ತಿಕೆಯ ಪುಟ ಕೊಟ್ಟು ನೋಡಿದೆವು. ಕನ್ನಡ ಬಂತು. ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು. ನನ್ನ ಅಂಗಡಿಯ ಯಂತ್ರದಲ್ಲಿದ್ದ 4.1.1ಗೂ ಅದೇ ಪುಟ ಕೊಟ್ಟೆ. ಬಹುತೇಕ ಅವೇ ತಪ್ಪುಗಳು. ಆಶ್ಚರ್ಯವೇನಿಲ್ಲ, 4 ಮತ್ತು 5 ಎರಡೂ ಓದುವುದು ಅದೇ ಕನ್ನಡ ಡೇಟಾ ಫೈಲ್ ಅನ್ನು.

"ಮೊದ್ಲೇ ಹೇಳ್ಬೇಕಲ್ರಿ ಅಕ್ಕಾ" ಅಂದ.

ಹೇಳಿದ್ದೆ. ಬೆಳಗ್ಗೆ ಫೋನ್ ಮಾಡಿದಾಗಲೇ. ಆದರೆ ಆಗ ಅವನು ಲೆಪ್ಟೋನಿಕಾ ಕಂಪೈಲ್ ಮಾಡುವುದರಲ್ಲಿ ಮುಳುಗಿದ್ದ.